ಸಮೋವಾದ ದಪ್ಪನವರು, ನಮ್ಮೂರ ತೆಳ್ಳನವರು

ಮುಧೋಳದ ನಾಯಿಯನ್ನು ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಉದ್ದನೆಯ ಕಾಲು, ಒಳಕ್ಕೆ ಸರಿದ ಹೊಟ್ಟೆ, ನಿಂತಲ್ಲೇ ಎಣಿಸಬಹುದಾದ ಪಕ್ಕೆಲುಬು. ಓಡಿ ಬೇಟೆಯಾಡುವ ಮೈಕಟ್ಟು ಇರಲೆಂದು ತಲೆಮಾರುಗಳ ಕಾಲ ಆರಿಸಿ ಆರಿಸಿ ಬೆಳೆಸಿದ ತಳಿ ಇದು. 2005ರಲ್ಲಿ ನಮ್ಮ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆ ಚೀಟಿಯನ್ನೇ ಹೊರಡಿಸಿತು. ಈಗ ಪೇಟೆಯ ಮನೆಗಳಲ್ಲಿ ಕಾಣುವ ಲ್ಯಾಬ್ರಡಾರ್ ನಾಯಿಯನ್ನು ಇದರ ಪಕ್ಕಕ್ಕೆ ನಿಲ್ಲಿಸಿ ನೋಡಿ. ಆಗ ತಾನೇ ಉಂಡಿದ್ದರೂ ಅದು ನಿಮ್ಮ ಕೈಯ ರೊಟ್ಟಿಯನ್ನೇ ನೋಡುತ್ತಿರುತ್ತದೆ. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಎಲೀನರ್ ರಾಫನ್ ಮತ್ತು ಸಂಗಡಿಗರು ಇದಕ್ಕೊಂದು ಕಾರಣ ಹುಡುಕಿದರು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರಿನಲ್ಲಿ ಪಿ.ಓ.ಎಂ.ಸಿ. ಎಂಬ ವಂಶವಾಹಿಯ 14 ಅಕ್ಷರಗಳು ಬಿಟ್ಟುಹೋಗಿವೆ. 'ಹೊಟ್ಟೆ ತುಂಬಿತು, ಸಾಕು' ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆಯಲ್ಲಿ ಈ ವಂಶವಾಹಿಗೆ ಪಾತ್ರವಿದೆ. ಅಕ್ಷರ ಬಿಟ್ಟುಹೋದ ನಾಯಿಗೆ ಆ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ಪಾಪ, ಬೈದು ಪ್ರಯೋಜನವಿಲ್ಲ.

ನಾಯಿಯ ಮಾತು ಇರಲಿ, ಮನುಷ್ಯರದೇನು? ಪಾಲಕರ ಸಭೆಗಳಲ್ಲಿ ನಾನು ಎರಡು ಮಾತುಗಳನ್ನು ಮತ್ತೆ ಮತ್ತೆ ಕೇಳಿದ್ದೇನೆ. "ನಮ್ಮ ಮನಿತನದಾಗ ಎಲ್ಲಾರೂ ದಪ್ಪನ ಅದಾರ್ರೀ ಸರ್, ಹುಡುಗ ಏನ್ ಮಾಡ್ತಾನ?" ಎಂಬುದು ಒಂದು. "ನಮ್ಮನ್ಯಾಗ ಎಲ್ಲಾರೂ ಕಡ್ಡಿ ಇದ್ದಂಗ ಅದೀವ್ರಿ, ನಮಗೆಲ್ಲಿ ಬಿಪಿ, ಶುಗರು?" ಎಂಬುದು ಇನ್ನೊಂದು. ಮೊದಲನೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಎರಡನೆಯದು ಅಪಾಯದ ಮಾತು. ಏಕೆಂದು ತಿಳಿಯಲು ಸ್ವಲ್ಪ ದೂರದ ಪ್ರಯಾಣ ಮಾಡಬೇಕು.

ನಕಾಶೆಯಲ್ಲಿ ದಕ್ಷಿಣ ಪೆಸಿಫಿಕ್ ಮಹಾಸಾಗರವನ್ನು ನೋಡಿ. ಹವಾಯಿ ಮತ್ತು ನ್ಯೂಜಿಲೆಂಡ್‌ಗಳ ನಡುವೆ ಸಮೋವಾ ಎಂಬ ದ್ವೀಪರಾಷ್ಟ್ರವಿದೆ. ಜನಸಂಖ್ಯೆ ಎರಡು ಲಕ್ಷದ ಆಸುಪಾಸು, ಅಂದರೆ ನಮ್ಮ ಒಂದು ತಾಲೂಕಿನಷ್ಟು. 2010ರ ಹೊತ್ತಿಗೆ ಅಲ್ಲಿನ ಗಂಡಸರಲ್ಲಿ ನೂರಕ್ಕೆ 80, ಹೆಂಗಸರಲ್ಲಿ ನೂರಕ್ಕೆ 91 ಮಂದಿಯ ತೂಕ ಅತಿಯಾಗಿತ್ತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸ್ಟೀಫನ್ ಮೆಕ್‌ಗಾರ್ವೆ, ಪಿಟ್ಸ್‌ಬರ್ಗ್‌ನ ರಯಾನ್ ಮಿನ್‌ಸ್ಟರ್ ಮೊದಲಾದವರು 3,072 ಸಮೋವನ್ ವಯಸ್ಕರ ತೂಕ, ಎತ್ತರ, ರಕ್ತದ ಸಕ್ಕರೆಗಳ ಜೊತೆಗೆ ಡಿ.ಎನ್.ಎ.ಯನ್ನೂ ಪರೀಕ್ಷಿಸಿದರು. 2016ರಲ್ಲಿ 'ನೇಚರ್ ಜೆನೆಟಿಕ್ಸ್' ಪತ್ರಿಕೆಯಲ್ಲಿ ಫಲಿತಾಂಶ ಹೊರಬಂತು. ಸಿ.ಆರ್.ಇ.ಬಿ.ಆರ್.ಎಫ್. ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಅದರಿಂದ ತಯಾರಾಗುವ ಪ್ರೋಟೀನಿನ 457ನೆಯ ಸ್ಥಾನದಲ್ಲಿ ಆರ್ಜಿನಿನ್ ಇರಬೇಕಾದಲ್ಲಿ ಗ್ಲುಟಮೈನ್ ಬಂದು ಕೂತಿದೆ. ಪೆಸಿಫಿಕ್ ದ್ವೀಪವಾಸಿಗಳನ್ನು ಬಿಟ್ಟರೆ ಜಗತ್ತಿನ ಬೇರೆಯವರಲ್ಲಿ ಈ ಬದಲಾವಣೆ ಇಲ್ಲವೆಂದೇ ಹೇಳಬೇಕು.

ಮೆಂಡೆಲನ ಬಟಾಣಿ ಓದಿದ ವಿದ್ಯಾರ್ಥಿಗಳು ಇಲ್ಲಿ ಒಂದು ಲೆಕ್ಕ ಮಾಡಬಹುದು. ಪ್ರತಿಯೊಬ್ಬರಲ್ಲೂ ಪ್ರತಿ ವಂಶವಾಹಿಯ ಎರಡು ಪ್ರತಿಗಳಿರುತ್ತವೆ, ತಂದೆಯದೊಂದು, ತಾಯಿಯದೊಂದು. ಸಮೋವಾದಲ್ಲಿ ಇಂಥ ನೂರು ಪ್ರತಿ ಎಣಿಸಿದರೆ 26 ಬದಲಾದವು, 74 ಮೊದಲಿನವು. ಎರಡೂ ಬದಲಾದವೇ ಸಿಗುವ ಸಾಧ್ಯತೆ 0.26ರ ವರ್ಗ, ಅಂದರೆ ಸುಮಾರು 0.07. ಒಂದು ಮಾತ್ರ ಸಿಗುವ ಸಾಧ್ಯತೆ 2 × 0.26 × 0.74, ಅಂದರೆ ಸುಮಾರು 0.38. ಎರಡನ್ನೂ ಕೂಡಿಸಿದರೆ 0.45, ಅಂದರೆ ನೂರಕ್ಕೆ 45. ಸಂಶೋಧಕರು ರಕ್ತ ಪರೀಕ್ಷಿಸಿ ಕಂಡದ್ದೂ ನೂರಕ್ಕೆ 45 ಮಂದಿಯನ್ನೇ! 1908ರಲ್ಲಿ ಹಾರ್ಡಿ ಮತ್ತು ವೈನ್‌ಬರ್ಗ್ ಕೊಟ್ಟ ಸೂತ್ರವಿದು. ನೀವು ಎಂಟನೆಯ ತರಗತಿಯಲ್ಲಿ ಗೋಳಾಡುತ್ತ ಕಲಿತ (a + b)² ಇಷ್ಟು ದೂರ ಹೋಗುತ್ತದೆ.

ಈ ಬದಲಾವಣೆ ಏನು ಮಾಡುತ್ತದೆ? ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೊಬ್ಬಿನ ಕಣಗಳಿಗೆ ಇದನ್ನು ಸೇರಿಸಿದಾಗ ಅವು ಹೆಚ್ಚು ಕೊಬ್ಬನ್ನು ಕೂಡಿಟ್ಟವು, ಶಕ್ತಿಯನ್ನು ಕಡಿಮೆ ಖರ್ಚು ಮಾಡಿದವು. ಮನೆಯಲ್ಲಿ ಕೆಲವು ಅಜ್ಜಿಯರಿರುತ್ತಾರಲ್ಲ, ಕಾಳು ಕಡಿ ಒಂದನ್ನೂ ಚೆಲ್ಲದೆ ಗಡಿಗೆಗೆ ತುಂಬಿಡುವವರು, ಹಾಗೆ. ಒಂದು ಪ್ರತಿ ಇದ್ದರೆ ದೇಹ ತೂಕ ಸೂಚ್ಯಂಕ ಸುಮಾರು 1.4ರಷ್ಟು ಏರುತ್ತದೆ. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದೇ ಈ ಸೂಚ್ಯಂಕ. 170 ಸೆಂಟಿಮೀಟರ್ ಎತ್ತರದವನಿಗೆ 1.4 ಎಂದರೆ ಸುಮಾರು 4 ಕಿಲೋ. ಹಿಂದೆ ದೋಣಿಗಳಲ್ಲಿ ವಾರಗಟ್ಟಲೆ ಸಮುದ್ರ ದಾಟಿ ಹೊಸ ದ್ವೀಪ ಹುಡುಕಿದವರಲ್ಲಿ ಹಸಿವು ತಾಳಬಲ್ಲವರೇ ಬದುಕಿ ಉಳಿದರು, ಅವರ ಜಿಪುಣ ವಂಶವಾಹಿ ಮಕ್ಕಳಿಗೆ ಬಂತು ಎಂಬುದೊಂದು ವಿವರಣೆ. 1962ರಲ್ಲಿ ಜೇಮ್ಸ್ ನೀಲ್ ಎಂಬ ತಳಿವಿಜ್ಞಾನಿ ಮಂಡಿಸಿದ ಊಹೆಯ ಜಾಡು ಇದು. ವಾದವಿವಾದ ಇನ್ನೂ ಮುಗಿದಿಲ್ಲ.

ಆದರೆ ಅದೇ ಸಂಶೋಧನೆಯಲ್ಲಿ ಇನ್ನೆರಡು ಸಂಗತಿಗಳಿವೆ. ನನ್ನ ಮಟ್ಟಿಗೆ ಅವೇ ಮುಖ್ಯ. ಒಂದು, ಈ ಬದಲಾವಣೆ ಇದ್ದವರು ಹೆಚ್ಚು ದಪ್ಪ, ಆದರೆ ಅವರಲ್ಲಿ ಸಕ್ಕರೆ ಕಾಯಿಲೆಯ ಸಾಧ್ಯತೆ ಅದಿಲ್ಲದವರಿಗಿಂತ ಕಡಿಮೆ! ತೂಕ ಏರಿಸುವ ವಂಶವಾಹಿಯೇ ಸಕ್ಕರೆ ಕಾಯಿಲೆಗೆ ಸ್ವಲ್ಪ ತಡೆಯೊಡ್ಡುತ್ತದೆ. ಹಾಗೆಂದು ಸಮೋವಾದಲ್ಲಿ ಸಕ್ಕರೆ ಕಾಯಿಲೆ, ಹೃದ್ರೋಗಗಳಿಲ್ಲವೆಂದಲ್ಲ, ಧಾರಾಳವಾಗಿವೆ. ಎರಡನೆಯದು, ಇಷ್ಟು ಪ್ರಭಾವಶಾಲಿಯಾದ ವಂಶವಾಹಿಯೂ ಸಮೋವನ್ನರ ನಡುವಿನ ತೂಕದ ವ್ಯತ್ಯಾಸದಲ್ಲಿ ವಿವರಿಸುವುದು ನೂರಕ್ಕೆ ಸುಮಾರು 2 ಪಾಲನ್ನು ಮಾತ್ರ. ಈ ಅಕ್ಷರ ಬದಲಾಗಿ ಎಷ್ಟೋ ತಲೆಮಾರುಗಳಾಗಿವೆ. ಬೊಜ್ಜು ಏರಿದ್ದು ಕಳೆದ ಕೆಲವು ದಶಕಗಳಲ್ಲಿ, ಹಡಗಿನಲ್ಲಿ ಬಂದ ಡಬ್ಬಿಯ ಮಾಂಸ, ಮೈದಾ, ಸಕ್ಕರೆಗಳ ಜೊತೆ. ಅಷ್ಟರೊಳಗೆ ಬದಲಾದದ್ದು ಊಟ ಮತ್ತು ದುಡಿಮೆ.

ಈಗ ನಮ್ಮ ನಾಡಿಗೆ ಬರೋಣ. ನಮ್ಮ ಕಥೆ ಸಮೋವಾಕ್ಕೆ ತಲೆಕೆಳಗು. ಅಲ್ಲಿ ದಪ್ಪ ಇದ್ದರೂ ಕೆಲವರಿಗೆ ರಕ್ಷಣೆ, ಇಲ್ಲಿ ತೆಳ್ಳಗಿದ್ದರೂ ರೋಗ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯವರು ಒಂದು ಪುಣ್ಯದ ಕೆಲಸ ಮಾಡಿದ್ದರು. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟು, ಆ ದಫ್ತರಗಳನ್ನು ಜೋಪಾನ ಮಾಡಿದ್ದರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಸುತ್ತಮುತ್ತಲೇ ವಾಸವಾಗಿದ್ದ 517 ಜನರನ್ನು ಇಂಗ್ಲೆಂಡಿನ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಹುಡುಕಿ, ಅವರ ಹೃದಯ ಪರೀಕ್ಷಿಸಿದರು. 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ. 3.1 ಕಿಲೋ ಅಥವಾ ಹೆಚ್ಚು ಇದ್ದವರಲ್ಲಿ ನೂರಕ್ಕೆ 3. ಮಗುವೂ ಸಣ್ಣದು, ಬಸುರಿನಲ್ಲಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಎಂದಾದರೆ ನೂರಕ್ಕೆ 20!

ಇದರ ಅರ್ಥ ಹೀಗೆ. ಗರ್ಭದಲ್ಲಿ ಆಹಾರ ಸಾಲದಾದರೆ ಕೂಸು ಮೊದಲು ಮಿದುಳನ್ನು ಉಳಿಸಿಕೊಳ್ಳುತ್ತದೆ. ಸ್ನಾಯು ಮತ್ತಿತರ ಅಂಗಗಳ ಪಾಲಿಗೆ ಕತ್ತರಿ ಬೀಳುತ್ತದೆ. ಆ ಮೈ ಮುಂದೆ ನಲವತ್ತು ವರ್ಷಗಳ ನಂತರ ಅನುಕೂಲದ ದಿನ ಕಂಡಾಗ ಹೆಚ್ಚಿನ ಆಹಾರವನ್ನು ನಿಭಾಯಿಸಲಾರದು. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಯಾಜ್ಞಿಕ್ ಈ ಎಳೆಯನ್ನು ಮುಂದುವರಿಸಿದರು. ಪುಣೆಯ ಬಳಿಯ ಹಳ್ಳಿಗಳ ಕೂಸುಗಳು ಸರಾಸರಿ 2.7 ಕಿಲೋ, ಇಂಗ್ಲೆಂಡಿನವು 3.5 ಕಿಲೋ. ನಮ್ಮವು ಎಲ್ಲದರಲ್ಲೂ ಸಣ್ಣವು, ಆದರೆ ಚರ್ಮದಡಿಯ ಕೊಬ್ಬಿನಲ್ಲಿ ಅಷ್ಟೇನೂ ಹಿಂದಿಲ್ಲ! 2004ರಲ್ಲಿ ಇದೇ ಯಾಜ್ಞಿಕರು ತಮ್ಮ ಇಂಗ್ಲಿಷ್ ಗೆಳೆಯ ಯುಡ್‌ಕಿನ್ ಅವರೊಂದಿಗೆ ನಿಂತು ಒಂದು ಚಿತ್ರ ತೆಗೆಸಿಕೊಂಡು 'ಲ್ಯಾನ್ಸೆಟ್'ನಲ್ಲಿ ಅಚ್ಚು ಹಾಕಿಸಿದರು. ಇಬ್ಬರ ತೂಕ ಸೂಚ್ಯಂಕವೂ 22.3. ಒಂದೇ ಸಮ. ಮೈಯ ಕೊಬ್ಬು ಅಳೆದರೆ ಯುಡ್‌ಕಿನ್ನರಿಗೆ ನೂರಕ್ಕೆ 9.1, ನಮ್ಮ ಯಾಜ್ಞಿಕರಿಗೆ 21.2. ಸಾವಿರ ಮಾತು ಹೇಳದ್ದನ್ನು ಆ ಒಂದು ಚಿತ್ರ ಹೇಳಿತು. ವಿಜ್ಞಾನಿಗಳಿಗೂ ಹಾಸ್ಯಪ್ರಜ್ಞೆ ಇರುತ್ತದೆ.

ವಂಶವಾಹಿಯ ಪಾಲು ನಮ್ಮಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಹೃದಯದ ಸ್ನಾಯು ಹಿಗ್ಗಿ ಕುಗ್ಗಲು ಬೇಕಾದ ಒಂದು ಪ್ರೋಟೀನಿನ ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ದೋಷವೊಂದು ಭಾರತ ಉಪಖಂಡದ ನೂರು ಜನರಲ್ಲಿ ಸುಮಾರು 4 ಮಂದಿಗಿದೆ. ಹೈದರಾಬಾದಿನ ಸಿ.ಸಿ.ಎಂ.ಬಿ.ಯ ತಂಗರಾಜ್, ಆಗ ಮದುರೆಯಲ್ಲಿದ್ದ ಧಂಡಪಾಣಿ ಮೊದಲಾದವರು 2009ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಧಂಡಪಾಣಿಯವರು ಆಮೇಲೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಈ ಕೆಲಸ ಮುಂದುವರಿಸಿದರು. ಈ ದೋಷವಿದ್ದವರಲ್ಲಿ ವಯಸ್ಸಾದಂತೆ ಹೃದಯ ಸೋಲುವ ಸಾಧ್ಯತೆ ಹೆಚ್ಚು. ಬೊಜ್ಜಿಗೂ ಇದಕ್ಕೂ ನಂಟಿಲ್ಲ, ಕಡ್ಡಿ ಪೈಲ್ವಾನನಲ್ಲೂ ಇರಬಹುದು. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಎದೆನೋವಿನಿಂದ ತೀರಿಕೊಂಡವರಿದ್ದರೆ ಆ ಮಾತನ್ನು ಡಾಕ್ಟರ ಮುಂದೆ ಹೇಳಬೇಕೆನ್ನುವುದು ಇಂಥ ಕಾರಣಗಳಿಗಾಗಿ. ನಮ್ಮಲ್ಲಿ ಅದನ್ನು ಮುಚ್ಚಿಡುವವರೇ ಜಾಸ್ತಿ, ಹುಡುಗಿಗೆ ಗಂಡು ಸಿಗಲಿಕ್ಕಿಲ್ಲವೆಂಬ ಹೆದರಿಕೆ!

ನಮ್ಮ ನಾಲ್ಕು ತಾಲೂಕುಗಳನ್ನೇ ನೋಡಿ. ರಬಕವಿ-ಬನಹಟ್ಟಿಯಲ್ಲಿ ಕುಣಿಮಗ್ಗದ ಮುಂದೆ ಕೂತವನು ದಿನವಿಡೀ ಕಾಲಿನಿಂದ ತುಳಿಯುತ್ತಿದ್ದ, ಕೈಯಿಂದ ಲಾಳಿ ಓಡಿಸುತ್ತಿದ್ದ. ಪಾವರ್‌ಲೂಮ್ ಬಂದಮೇಲೆ ಆ ತುಳಿತವನ್ನು ಕರೆಂಟು ಮಾಡುತ್ತದೆ, ಇವನು ಎಳೆ ಹರಿದಾಗ ಕಟ್ಟುತ್ತ ನಿಲ್ಲುತ್ತಾನೆ. ಜಮಖಂಡಿ, ಮುಧೋಳಗಳಲ್ಲಿ ಜೋಳ ಬೆಳೆಯುತ್ತಿದ್ದ ಹೊಲಕ್ಕೆ ನೀರು ಬಂತು, ಕಬ್ಬು ಬಂತು, ಅಂಗಳಕ್ಕೆ ಮೋಟರ್ ಸೈಕಲ್ ಬಂತು. ಬೀಳಗಿಯಲ್ಲಿ ಆಲಮಟ್ಟಿ ಹಿನ್ನೀರಿಗೆ ಹೊಲ ಕಳೆದುಕೊಂಡವರು ಎಷ್ಟೋ ಜನ ಬೇಸಾಯ ಬಿಟ್ಟು ಅಂಗಡಿ ಹಾಕಿ ಕೂತರು. ಕಷ್ಟದ ಕಾಲದಲ್ಲಿ ಎರಡೂವರೆ ಕಿಲೋ ತೂಕದ ಕೂಸಾಗಿ ಹುಟ್ಟಿದವರೇ ಇವರಲ್ಲಿ ಬಹಳ ಮಂದಿ. ಈಗ ಸಂಜೆಯಾದರೆ ಮಿರ್ಚಿ ಭಜಿ, ಚುನಮುರಿ, ದಿನಕ್ಕೆ ಆರು ಸಲ ಸಕ್ಕರೆ ಚಹಾ. ಮೈಸೂರಿನ ದಫ್ತರದಲ್ಲಿ ಕಂಡ ಲೆಕ್ಕ ಇಲ್ಲಿಗೆ ಅನ್ವಯಿಸದಿರಲು ನನಗೆ ಕಾರಣ ಕಾಣುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ, ನೇಕಾರರು. ಅಂಗಿ ಕಳಚಿದರೆ ಎಲುಬು ಕಾಣುವಂಥ ಆಳು, ಹೊಟ್ಟೆ ಮಾತ್ರ ಚೂರು ಮುಂದೆ. ವಯಸ್ಸು ಐವತ್ತು ದಾಟಿರಲಿಲ್ಲ. ಒಂದು ರಾತ್ರಿ ಎದೆ ಹಿಡಿದುಕೊಂಡಿತು. "ಗ್ಯಾಸ್ ಆಗೇತಿ" ಎಂದು ಸೋಡಾ ಕುಡಿಸಿ ಮಲಗಿಸಿದರು. ದಪ್ಪಗಿದ್ದಿದ್ದರೆ ಮನೆಯವರು ಆಗಲೇ ಗಾಡಿ ಮಾಡಿ ಮೀರಜಿಗೋ ಬಾಗಲಕೋಟೆಗೋ ಓಡುತ್ತಿದ್ದರು. ಬೆಳಗಿನ ಹೊತ್ತಿಗೆ ಹೊರಟರು, ದಾರಿಯಲ್ಲೇ ಮುಗಿಯಿತು. ಹುಡುಗ ಓದು ಬಿಟ್ಟು ಮಗ್ಗಕ್ಕೆ ನಿಂತ.

ಇದೆಲ್ಲ ಓದಿ, ತರಗತಿಯ ದಪ್ಪ ಹುಡುಗನನ್ನು ಬಿಟ್ಟುಬಿಡಿ ಎಂದು ಮಾಸ್ತರರು ಹೇಳುತ್ತಿದ್ದಾರೆಯೇ ಎಂದು ಕೇಳಬಹುದು. ಹೌದು, 'ಡ್ರಮ್ಮು', 'ಗುಡಾಣ' ಎಂದು ಕರೆಯುವುದನ್ನಂತೂ ಬಿಡಿ. ಅವನ ಹಸಿವಿನ ಒಂದು ಪಾಲು ಅವನ ಕೈಯಲ್ಲಿಲ್ಲ. ಊಟ, ಆಟ ಮಾತ್ರ ಮನೆಮಂದಿಗೆಲ್ಲ ಒಂದೇ ಇರಲಿ. ತೆಳ್ಳಗಿರುವ ಅಣ್ಣನಿಗೆ ಬೇಕರಿ ಬ್ರೆಡ್ಡು, ದಪ್ಪಗಿರುವ ತಮ್ಮನಿಗೆ ಒಣ ರೊಟ್ಟಿ ಎಂಬ ಪಂಕ್ತಿಭೇದ ಬೇಡ. ಖಡಕ್ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯೆ ಇಬ್ಬರ ಹೃದಯಕ್ಕೂ ಒಳ್ಳೆಯದೇ.

ಮನೆಯಲ್ಲಿ ಮಾಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. ತಕ್ಕಡಿ ಬೇಡ, ಒಂದು ಉದ್ದನೆಯ ದಾರ ಸಾಕು. ಬನಹಟ್ಟಿಯವರಿಗೆ ಅದಕ್ಕೇನೂ ಬರವಿಲ್ಲ. ಅಪ್ಪನನ್ನು ಗೋಡೆಗೆ ನಿಲ್ಲಿಸಿ, ಹಿಮ್ಮಡಿಯಿಂದ ನೆತ್ತಿಯವರೆಗಿನ ಎತ್ತರಕ್ಕೆ ಸರಿಯಾಗಿ ದಾರ ಕತ್ತರಿಸಿ. ಅದನ್ನು ಸರಿಯಾಗಿ ಎರಡು ಮಡಿಕೆ ಮಾಡಿ. ಆ ಅರ್ಧ ಉದ್ದದ ದಾರವನ್ನು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುಮಧ್ಯೆ ಹೊಟ್ಟೆಯ ಸುತ್ತ ಸುತ್ತಿ. ಉಸಿರು ಸಹಜವಾಗಿ ಬಿಟ್ಟಿರಬೇಕು. ಹೊಟ್ಟೆ ಒಳಗೆಳೆದುಕೊಳ್ಳುವ ಅಪ್ಪಂದಿರ ಮೇಲೆ ಕಣ್ಣಿರಲಿ! ದಾರದ ತುದಿಗಳು ಕೂಡಿದರೆ ಸರಿ. ಕೂಡದಿದ್ದರೆ, ಮೈ ಎಷ್ಟೇ ತೆಳ್ಳಗಿರಲಿ, ಕೊಬ್ಬು ಹೊಟ್ಟೆಯೊಳಗೆ ಕೂಡುತ್ತಿದೆ ಎಂದೇ ತಿಳಿಯಿರಿ. ಟೇಪು ಇದ್ದವರಿಗೆ ನಮ್ಮ ದೇಶದವರ ಮಟ್ಟಿಗಿನ ಗೆರೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅವ್ವನನ್ನು ಮರೆಯಬೇಡಿ, ಆಕೆ ತಾನಾಗಿ ಎಂದೂ ಕೇಳುವುದಿಲ್ಲ. ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆಗಳನ್ನು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ ನೋಡುತ್ತಾರೆ. ದಾರ ಕೂಡದವರನ್ನು ಅಲ್ಲಿಗೆ ಕರೆದೊಯ್ಯಿರಿ. ದಾರ ಕೂಡಿದರೂ ಮನೆತನದಲ್ಲಿ ಹೃದಯದ ಕಾಯಿಲೆ ಇದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.