ಶಾಲು ಕೊಟ್ರಿ, ಲೆಕ್ಕದ ಪುಸ್ತಕ ಕೊಡ್ಲಿಲ್ಲ

ನಾನೂ ಒಂದು ವರ್ಷ ಕೃಷಿ ಮಂತ್ರಿಯಾಗಿದ್ದೆ. ನಗಬೇಡಿ. ಒಂಬತ್ತನೇ ಕ್ಲಾಸಲ್ಲಿ, ಹೊಳಲ್ಕೆರೆ ತಾಲ್ಲೂಕಿನ ನಮ್ಮೂರ ಹೈಸ್ಕೂಲಿನ ಶಾಲಾ ಸಂಸತ್ತಿನಲ್ಲಿ. ಚೀಟಿ ಮಡಚಿ ಡಬ್ಬಿಗೆ ಹಾಕಿ ವೋಟು ಮಾಡಿದ್ದರು, ಎಣಿಕೆ ನಡೆದಿತ್ತು, ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಮುಂದೆ ಪ್ರಮಾಣವಚನವೂ ಆಯ್ತು. ಖಾತೆ: ಕೃಷಿ ಮತ್ತು ತೋಟಗಾರಿಕೆ. ಕೆಲಸ: ಬೆಳಗ್ಗೆ ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಬಂದು, ಬೋರಿಂಗ್ ಹೊಡೆದು, ಆಫೀಸ್ ರೂಮಿನ ಮುಂದಿದ್ದ ಕ್ರೋಟನ್ ಗಿಡಗಳಿಗೆ ನೀರು ಹಾಕೋದು.

ಒಂದಿನ ಧೈರ್ಯ ಮಾಡಿ ಕೇಳಿದೆ. "ಸಾರ್, ಈ ಕ್ರೋಟನ್ ಬದ್ಲು ಬದ್ನೆ, ಟೊಮ್ಯಾಟೊ ಹಾಕಣ. ಪಕ್ಕದ ಪ್ರೈಮರಿ ಸ್ಕೂಲಿನ ಬಿಸಿಯೂಟಕ್ಕಾದ್ರೂ ಆಗುತ್ತೆ." ಮೇಷ್ಟ್ರು ಒಳ್ಳೆಯವರೇ, ಬೈಲಿಲ್ಲ, ನಕ್ಕರು. "ಮಂತ್ರಿ ಅಂದ್ರೆ ನೀರು ಹಾಕದು ಕಣೋ. ಏನು ಹಾಕಬೇಕು ಅನ್ನೋದು ನಾವು ನೋಡ್ಕೊಂತೀವಿ."

ಇಪ್ಪತ್ತು ವರ್ಷದ ಮೇಲಾಯ್ತು. ಬಿಇ ಮುಗಿಸಿ, ಬೆಂಗಳೂರಲ್ಲಿ ಎಸಿ ರೂಮಲ್ಲಿ ಕೂತು ಕೋಡ್ ಬರೀತಾ ಇದ್ದೀನಿ. ಆದರೆ ಊರಿಗೆ ಹೋದಾಗಲೆಲ್ಲ ಮೇಷ್ಟ್ರ ಆ ಮಾತು ಹೊಸ ಹೊಸ ಬಾಯಲ್ಲಿ ಕೇಳುತ್ತೆ. ನಮ್ಮ ಜಿಲ್ಲೆಯಲ್ಲಿ ಕೃಷಿಯ ಹೆಸರಲ್ಲಿ ಹುಡುಗ ಹುಡುಗಿಯರಿಗೆ ನಾಯಕನ ಪಟ್ಟ ಕಟ್ಟೋದು ಕಮ್ಮಿ ಏನಿಲ್ಲ. ಶಾಲೆಯಲ್ಲಿ ಮಂತ್ರಿ, ಕಾಲೇಜಲ್ಲಿ ಗುಂಪಿನ ಲೀಡರ್, ಸಂಘದಲ್ಲಿ ಯುವ ಘಟಕದ ಅಧ್ಯಕ್ಷ. ಪಟ್ಟ ಮೂರು, ಕೆಲಸ ಒಂದೇ: ಹೇಳಿದ ಕಡೆ ನೀರು ಹಾಕೋದು.

ಎರಡನೇ ಪಟ್ಟದಿಂದ ಶುರು ಮಾಡ್ತೀನಿ. ಹಿರಿಯೂರಿನ ಬಬ್ಬೂರು ಫಾರ್ಮ್ ನಿಮಗೆ ಗೊತ್ತಿರುತ್ತೆ. ಸಂಶೋಧನಾ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಎರಡೂ ಅಲ್ಲಿವೆ. 2012ರಲ್ಲಿ ಶಿವಮೊಗ್ಗದಲ್ಲಿ ಶುರುವಾದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೆಳಗೆ ಬರುತ್ತೆ. ಇಂಥ ವಿಶ್ವವಿದ್ಯಾಲಯಗಳಲ್ಲಿ ಓದೋ ಮಕ್ಕಳು ಕೊನೇ ವರ್ಷದಲ್ಲಿ ಹಳ್ಳಿಗೆ ಬಂದು ಉಳೀಬೇಕು. ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಅದರ ಹೆಸರು, ಬಾಯಲ್ಲಿ 'ರಾವೆ'. ಅವರಲ್ಲೇ ಒಬ್ಬ ಲೀಡರ್ ಇರ್ತಾನೆ, ಇಲ್ಲ ಇರ್ತಾಳೆ. ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸ್ತಾರೆ, ಬೀಜೋಪಚಾರ ತೋರಿಸ್ತಾರೆ, ಅಜೋಲಾ ತೊಟ್ಟಿ ಮಾಡ್ತಾರೆ, ಮೋಹಕ ಬಲೆ ಕಟ್ತಾರೆ. ಕೊನೇ ದಿನ ಶಾಮಿಯಾನ ಹಾಕಿ ಕೃಷಿ ಮೇಳ.

ಈ ಮಕ್ಕಳ ಬಗ್ಗೆ ನನಗೆ ಒಂದು ಕೆಟ್ಟ ಮಾತಿಲ್ಲ. ರೈತರ ಮಕ್ಕಳ ಕೋಟಾ 2021ರಲ್ಲಿ ಶೇಕಡಾ 40ರಿಂದ 50ಕ್ಕೆ ಏರಿದ ಮೇಲೆ ಇವರಲ್ಲಿ ಅರ್ಧ ಜನ ಹೊಲ ನೋಡಿ ಬೆಳೆದವರು. ಕಾಳು ಗುರುತಿಸಿ, ಸಲಕರಣೆ ಗುರುತಿಸಿ, ಪ್ರಾಯೋಗಿಕ ಪರೀಕ್ಷೆ ಪಾಸು ಮಾಡಿ ಬಂದವರು. ನಮ್ಮೂರಿಗೆ ಬಂದಿದ್ದ ತಂಡದ ಲೀಡರ್ ಹುಡುಗಿ ಮನೆ ಮನೆ ತಿರುಗಿ ಒಂದು ಪಟ್ಟಿ ಮಾಡಿದ್ದಳು. ಯಾರ ಹೊಲದಲ್ಲಿ ಎಷ್ಟು ಬೋರು ಕೊರೆಸಿದ್ದಾರೆ, ಎಷ್ಟು ಒಣಗಿವೆ, ಬೇಸಿಗೆಯಲ್ಲಿ ಅಡಿಕೆಗೆ ಎಷ್ಟು ಟ್ಯಾಂಕರ್ ನೀರು ಹೊಡೆಸಿದ್ರು. ಊರಿನ ಯಾವ ಹಿರಿಯರೂ ಬರೆಯದ ಲೆಕ್ಕ ಅದು. ಹಬ್ಬಕ್ಕೆ ಹೋಗಿದ್ದ ನನಗೆ ನೋಟ್‌ಬುಕ್ ತೋರಿಸಿದಳು. ಓದಿ ಹೊಟ್ಟೆ ತಣ್ಣಗಾಯ್ತು.

ಮೇಳದ ದಿನ ವೇದಿಕೆ ಮೇಲೆ ಹನ್ನೊಂದು ಜನ ಗಣ್ಯರು. ಹನ್ನೊಂದು ಶಾಲು, ಹನ್ನೊಂದು ಹಾರ. ಲೀಡರ್ ಹುಡುಗಿಗೆ ಸಿಕ್ಕಿದ್ದು ವಂದನಾರ್ಪಣೆ. "ಮೇಡಂ, ಆ ಬೋರಿನ ಪಟ್ಟಿ ಓದಲಿಲ್ವಾ?" ಅಂದೆ. "ಸಾರ್, ಅದು ರಿಪೋರ್ಟಲ್ಲಿ ಇದೆ. ಸ್ಟೇಜಲ್ಲಿ ಬೇಡ, ಊರವರಿಗೆ ಬೇಜಾರಾಗುತ್ತೆ ಅಂದ್ರು." ರಿಪೋರ್ಟು ಬೈಂಡ್ ಆಗಿ ಹೋಯ್ತು. ಊರವರಿಗೆ ಬೇಜಾರಾಗಲಿಲ್ಲ. ಆ ಬೇಸಿಗೆ ಊರಲ್ಲಿ ಇನ್ನೂ ಒಂದಷ್ಟು ಬೋರು ಕೊರೆದರು, ಅಷ್ಟೇ.

ಮೂರನೇ ಪಟ್ಟ ನಮ್ಮನೆಯದ್ದೇ. ನಮ್ಮ ಚಿಕ್ಕಪ್ಪನ ಮಗನಿಗೆ ಇಪ್ಪತ್ತೇಳು. ಡಿಗ್ರಿ ಮುಗಿಸಿ ಊರಲ್ಲೇ ಉಳಿದ. ನಮ್ಮೆರಡು ಮನೆಯ ಹೊಲ ತೋಟ ಎಲ್ಲ ಅವನೇ ನೋಡ್ಕೊಳ್ಳೋದು. ಒಂದು ರೈತ ಸಂಘಟನೆಯ ಯುವ ಘಟಕಕ್ಕೆ ಅವನೇ ಅಧ್ಯಕ್ಷ. ಹೆಗಲ ಮೇಲೆ ಹಸಿರು ಶಾಲು. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂತ ಘೋಷಿಸಿದರಲ್ಲ, ಆ ದುಡ್ಡು ಎಲ್ಲಿ ಅಂತ ಚಿತ್ರದುರ್ಗದಲ್ಲಿ ಧರಣಿ, ಬಂದ್ ಆದಾಗ ಟ್ರ್ಯಾಕ್ಟರ್ ಹೊಂದಿಸಿದವನು, ಬ್ಯಾನರ್ ಕಟ್ಟಿದವನು, ಗಂಟಲು ಹರಿಯೋ ಹಾಗೆ ಘೋಷಣೆ ಕೂಗಿದವನು ಅವನೇ. ಮಾತುಕತೆಗೆ ಒಳಗೆ ಕರೆದಾಗ ಹೋದವರು ಅರವತ್ತು ದಾಟಿದವರು. ಇವನು ಹೊರಗೆ ಚಪ್ಪಲಿ ಕಾಯ್ತಿದ್ದ ಅಂತ ಅವನೇ ಹೇಳಿ ನಗ್ತಾನೆ.

"ಒಳಗೆ ನಿಂಗೂ ಹೋಗಬೇಕು ಅಂತ ಅನ್ಸಲ್ವೇನೋ?"

"ಒಳಗೇನಣ್ಣ, ಮೊದ್ಲು ಪಹಣಿ ಒಳಗೆ ಹೋಗ್ಬೇಕಲ್ಲ ನಾನು."

ಇದು ತಮಾಷೆ ಮಾತಲ್ಲ. ನಮ್ಮ ಜಮೀನಿನ ಪಹಣಿ ಇವತ್ತಿಗೂ ತಾತನ ಹೆಸರಲ್ಲಿದೆ. ತಾತ ಹೋಗಿ ಆರು ವರ್ಷವಾಯ್ತು, ಪೌತಿ ಖಾತೆ ಆಗಿಲ್ಲ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಸೊಸೈಟಿಯಲ್ಲಿ ಬೆಳೆ ಸಾಲ ಹುಟ್ಟಲ್ಲ. ಶೂನ್ಯ ಬಡ್ಡಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸ್ತೀವಿ ಅಂತ 2023ರ ರಾಜ್ಯ ಬಜೆಟ್‌ನಲ್ಲಿ ಹೇಳಿದರು. ಸಂತೋಷ. ಇವನ ಪಾಲಿಗೆ ಅದು ಟಿವಿಯಲ್ಲಿ ನೋಡೋ ಸುದ್ದಿ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಗೆ 2019ರ ಫೆಬ್ರವರಿ 1ರಂದು ಯಾರ ಹೆಸರಲ್ಲಿ ಭೂಮಿ ಇತ್ತು ಅನ್ನೋದೇ ಲೆಕ್ಕ. ಆಮೇಲೆ ಅಪ್ಪ ಬದುಕಿರುವಾಗಲೇ ಪಾಲು ಬರೆಸಿಕೊಂಡ ಹುಡುಗ ಆ ಲೆಕ್ಕದಲ್ಲಿ ರೈತನೇ ಅಲ್ಲ. ಹೊಲ ಉಳುವವನು ಇವನು, ಕಾಗದದಲ್ಲಿ ರೈತ ಇನ್ನೊಬ್ಬ. ಇಂಥವನನ್ನು ತಂದು ಯುವ ರೈತ ನಾಯಕ ಅಂತ ಶಾಲು ಹೊದಿಸಿದರೆ ಅದನ್ನ ಏನನ್ನಬೇಕು?

"ಹುಡುಗರಿಗೆ ಅನುಭವ ಸಾಲದು, ಕಾಯಲಿ" ಅನ್ನೋ ಹಿರಿಯರಿಗೆ ಒಂದು ಹಳೇ ಕತೆ ನೆನಪಿಸ್ತೀನಿ. 1951ರ ಕಾಗೋಡು ಸತ್ಯಾಗ್ರಹ. ಸಾಗರದ ಕಡೆ ಗೇಣಿ ಅಳೆಯೋ ಕೊಳಗದ ಗಾತ್ರದಲ್ಲೇ ಒಡೆಯರು ಮೋಸ ಮಾಡ್ತಿದ್ದಾರೆ ಅನ್ನೋ ಲೆಕ್ಕದ ಜಗಳ ಅದರ ಬೇರು. ಗೇಣಿದಾರರನ್ನ ಸಂಘಟಿಸಿದ ಗಣಪತಿಯಪ್ಪ ಇನ್ನೂ ಮೂವತ್ತು ದಾಟಿರಲಿಲ್ಲ. ಹೋರಾಟಕ್ಕೆ ನಾಯಕರಾಗಿ ನಿಂತ ಶಾಂತವೇರಿ ಗೋಪಾಲಗೌಡರಿಗೆ ಆಗ 28. ಮುಂದಿನ ವರ್ಷವೇ ಜನ ಅವರನ್ನ ವಿಧಾನಸಭೆಗೆ ಕಳಿಸಿದರು. ಆಮೇಲೆ ಸಮಾಜವಾದಿ ಯುವಜನ ಸಭಾ ಬಂತು. ನಂಜುಂಡಸ್ವಾಮಿ, ಕಡಿದಾಳು ಶಾಮಣ್ಣ, ತೇಜಸ್ವಿ ಎಲ್ಲ ಅಲ್ಲಿ ವಾದ ಮಾಡಿ, ಜಗಳ ಆಡಿ ಬೆಳೆದವರು. 1980ರಲ್ಲಿ ರಾಜ್ಯ ರೈತ ಸಂಘ ಅಂತ ಒಂದು ಹುಟ್ಟಿದಾಗ ಅದನ್ನ ನಡೆಸೋಕೆ ಜನ ರೆಡಿ ಇದ್ದರು, ಯಾಕಂದ್ರೆ ಹದಿನೈದು ಇಪ್ಪತ್ತು ವರ್ಷ ಮುಂಚೆಯೇ ಅವರು ತಮ್ಮ ಸಂಘಟನೆಯನ್ನ ತಾವೇ ನಡೆಸಿದ್ದರು. ಯಾರದೋ ವೇದಿಕೆಗೆ ಕುರ್ಚಿ ಹಾಕ್ತಾ ಕಾದವರಲ್ಲ ಅವರು. ಇವತ್ತು ಆ ಹಸಿರು ಶಾಲಿನ ಹೆಸರು ಹೇಳೋ ಬಣಗಳು ಎಷ್ಟೋ ಇವೆ. ಎಷ್ಟು ಬಣದಲ್ಲಿ ಮೂವತ್ತರ ಒಳಗಿನವನ ಕೈಲಿ ರಸೀದಿ ಪುಸ್ತಕ ಇದೆ, ನೀವೇ ಎಣಿಸಿ.

ಇನ್ನೊಂದು ಉದಾಹರಣೆ ಸಿಕ್ಕಿದ್ದು ಕೆಲಸದ ಮೇಲೆ ಅಮೆರಿಕಾಗೆ ಹೋಗಿದ್ದಾಗ. ಕ್ಲೈಂಟ್ ಕಡೆಯ ಮ್ಯಾನೇಜರ್ ಒಬ್ಬರು ಜೋಳ, ಸೋಯಾ ಬೆಳೆಯೋ ಮನೆಯವರು. ಅವರ ರೂಮಲ್ಲಿ ಒಂದು ಹಳೇ ನೀಲಿ ಕಾರ್ಡುರಾಯ್ ಜಾಕೆಟ್ ನೇತು ಹಾಕಿದ್ದರು. ಕೇಳಿದರೆ ಎಫ್ಎಫ್ಎ ಅಂದರು. ಹೈಸ್ಕೂಲಿನಲ್ಲಿ ಕೃಷಿ ಕಲಿಯೋ ಮಕ್ಕಳ ಸಂಘಟನೆ, 1928ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಶುರುವಾಗಿದ್ದು. ಪ್ರತಿ ವರ್ಷ ಆರು ಜನ ರಾಷ್ಟ್ರೀಯ ಪದಾಧಿಕಾರಿಗಳು ಆಯ್ಕೆಯಾಗ್ತಾರೆ, ಕಾಲೇಜಿಗೆ ಒಂದು ವರ್ಷ ರಜೆ ಹಾಕಿ ಅದೇ ಕೆಲಸ ಮಾಡ್ತಾರೆ. ನನಗೆ ನಾಟಿದ್ದು ಅದಲ್ಲ. ಪ್ರತಿ ಮಗುವೂ ತನ್ನದೇ ಒಂದು ಕೆಲಸ ಇಟ್ಕೋಬೇಕು. ಒಂದು ಹಂದಿಯೋ, ಅರ್ಧ ಎಕರೆ ಜೋಳವೋ ಏನೋ ಒಂದು. ಹಾಕಿದ್ದೆಷ್ಟು, ಬಂದಿದ್ದೆಷ್ಟು ಅಂತ ಲೆಕ್ಕ ಬರೀಬೇಕು. ಆ ಮ್ಯಾನೇಜರ್ ಹದಿನೈದನೇ ವಯಸ್ಸಲ್ಲಿ ಎರಡು ಕರು ಸಾಕಿ ಲಾಸ್ ಮಾಡ್ಕೊಂಡಿದ್ದರಂತೆ. "ಲಾಸ್ ನನ್ನದೇ ಆಗಿತ್ತು, ಅದಕ್ಕೇ ಇವತ್ತಿಗೂ ನೆನಪಿದೆ" ಅಂದರು.

ಅಮೆರಿಕಾದ್ದೆಲ್ಲ ಚಿನ್ನ ಅಂತಿಲ್ಲ ನಾನು. ಹುಡುಗಿಯರನ್ನ ಒಳಗೆ ಬಿಟ್ಕೊಳ್ಳೋಕೆ ಅವರಿಗೆ 1969 ಬೇಕಾಯ್ತು. ಕಪ್ಪು ಮಕ್ಕಳಿಗೆ ಬೇರೆಯೇ ಸಂಘಟನೆ ಇತ್ತು, 1965ರಲ್ಲಿ ಅದನ್ನ ಇದರಲ್ಲಿ ಸೇರಿಸಿದರು. ಅವರ ತಪ್ಪು ಅವರಿಗಿರಲಿ. ಲೆಕ್ಕದ ಪುಸ್ತಕ ಮಗುವಿನ ಕೈಗೆ ಕೊಡೋ ಒಂದು ಬುದ್ಧಿಯನ್ನ ನಾವು ತಗೊಳ್ಳೋಣ.

"ಹುಡುಗ್ರ ಕೈಗೆ ದುಡ್ಡು ಕೊಟ್ರೆ ಹಾಳು ಮಾಡ್ತಾವೆ ಕಣಪ್ಪ." ಈ ಮಾತು ಹೊಸದುರ್ಗದ ಸಂತೆಯಲ್ಲೂ ಕೇಳಿದ್ದೀನಿ, ನಮ್ಮನೆ ಜಗಲಿ ಮೇಲೂ ಕೇಳಿದ್ದೀನಿ. ಸರಿ, ನನ್ನ ಕತೆ ಕೇಳಿ. ಕೆಲಸಕ್ಕೆ ಸೇರಿದ ಆರೇ ತಿಂಗಳಿಗೆ, ಇಪ್ಪತ್ಮೂರನೇ ವಯಸ್ಸಲ್ಲಿ, ಸಾವಿರಾರು ಜನ ದಿನಾ ಬಳಸೋ ಸಿಸ್ಟಮ್ಮಿನ ಪಾಸ್‌ವರ್ಡ್ ನನ್ನ ಕೈಲಿತ್ತು. ಒಂದು ರಾತ್ರಿ ತಪ್ಪು ಮಾಡಿ ಎರಡು ಗಂಟೆ ಅದನ್ನ ಮಲಗಿಸಿದೆ. ಕೆಲಸದಿಂದ ತೆಗೀಲಿಲ್ಲ. ಏನಾಯ್ತು ಅಂತ ಬರೆಸಿದರು, ಮತ್ತೆ ಆಗದ ಹಾಗೆ ಮಾಡಿಸಿದರು, ಪಾಸ್‌ವರ್ಡ್ ನನ್ನ ಹತ್ತಿರವೇ ಬಿಟ್ಟರು. ಅದೇ ವಯಸ್ಸಿನ ನನ್ನ ತಮ್ಮನಿಗೆ ಒಂದು ಚೀಲ ಗೊಬ್ಬರ ತರೋಕೂ ಮೂರು ಜನರ ಒಪ್ಪಿಗೆ ಬೇಕು. ನಾನು ಜಾಣ, ಅವನು ದಡ್ಡ ಅಂತ ಅಲ್ಲ. ನಾನು ಊರು ಬಿಟ್ಟೆ, ಅವನು ಬಿಡಲಿಲ್ಲ. ಆಮೇಲೆ "ಯುವಕರು ಕೃಷಿಗೆ ಬರ್ತಿಲ್ಲ" ಅಂತ ಭಾಷಣ ಬೇರೆ.

ಈಗ ಕಹಿ ಮಾತು, ನನ್ನ ಬಗ್ಗೆಯೇ. ಎರಡು ವರ್ಷದ ಹಿಂದೆ ನಮ್ಮ ಜಮೀನಿನಲ್ಲಿ ಅಡಿಕೆ ಹಾಕೋ ತೀರ್ಮಾನ ಆಯ್ತು. ಹೊಳಲ್ಕೆರೆ, ಹೊಸದುರ್ಗದಲ್ಲಿ ಎಲ್ಲರೂ ಹಾಕ್ತಿದ್ದಾರೆ, ನಾವೂ ಹಾಕೋಣ ಅಂತ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿತ್ತಲ್ಲ, ಅದನ್ನ ಮೊಬೈಲಲ್ಲಿ ನೋಡಿ ನನಗೂ ತಲೆ ತಿರುಗಿತ್ತು. ಹಿರಿಯೂರಿನ ಕಣಿವೆ ತುಂಬಿದರೆ ನಮ್ಮ ಹೊಲದ ಅಡಿಯಲ್ಲಿ ನೀರು ಹುಟ್ಟುತ್ತೇನ್ರಿ? ತಮ್ಮ ಬೇಡ ಅಂದ. "ಅಣ್ಣ, ಈ ದಿಣ್ಣೆಯಲ್ಲಿ ನೀರಿಲ್ಲ. ಕೆಳಗಡೆ ಕೃಷಿ ಹೊಂಡ ತೆಗ್ಸಣ, ರಾಗಿ ತೊಗರಿ ಬಿಡದು ಬೇಡ." ಬೆಂಗಳೂರಿಂದ ಫೋನಲ್ಲಿ ನಾನು ಹೇಳಿದ್ದೇನು ಗೊತ್ತಾ? "ದುಡ್ಡು ನಾನು ಕಳಿಸ್ತೀನಿ, ನೀನು ನಿಂತ್ಕೊಂಡು ಬೋರ್ ಕೊರೆಸು." ಎರಡು ಬೋರು ಕೊರೆಸಿದ. ಎರಡರಲ್ಲೂ ಬಂದಿದ್ದು ಬಿಳಿ ಧೂಳು.

ಕ್ರೋಟನ್ ಗಿಡದ ಮೇಷ್ಟ್ರಿಗೂ ನನಗೂ ಏನು ವ್ಯತ್ಯಾಸ?

ಅದಕ್ಕೇ ಕೇಳ್ತಿರೋದು, ಎಲ್ಲರನ್ನೂ, ನನ್ನನ್ನೂ ಸೇರಿಸಿ. ಶಾಲೆಯವರೇ, ಮಂತ್ರಿ ಮಾಡಿದ ಮಗುವಿಗೆ ಹತ್ತಡಿ ಜಾಗ ಕೊಡಿ, ಏನು ಬೆಳೀಬೇಕು ಅಂತ ಅದೇ ಹೇಳಲಿ, ಖರ್ಚು ಅದೇ ಬರೀಲಿ. ಆ ಲೆಕ್ಕವನ್ನ ವರ್ಷಕ್ಕೊಮ್ಮೆ ಪಂಚಾಯ್ತಿಯಲ್ಲಿ ನಡೆಯೋ ಮಕ್ಕಳ ಗ್ರಾಮಸಭೆಯಲ್ಲಿ ಓದಲಿ. ಕಾಲೇಜಿನವರೇ, ರಾವೆ ಮಕ್ಕಳ ವರದಿಯನ್ನ ಬೈಂಡ್ ಮಾಡೋ ಮುಂಚೆ ಊರ ಮುಂದೆ ಓದಿಸಿ. ಊರವರಿಗೆ ಬೇಜಾರಾದರೆ ಆಗಲಿ, ಅದಕ್ಕೇ ಅವರು ಬಂದಿದ್ದು. ಸಂಘದವರೇ, ಯುವ ಘಟಕಕ್ಕೆ ಬ್ಯಾನರ್ ಜೊತೆ ಬ್ಯಾಂಕ್ ಖಾತೆಯೂ ಇರಲಿ, ಮಾತುಕತೆಗೆ ಹೋಗುವಾಗ ಒಂದು ಕುರ್ಚಿ ಮೂವತ್ತರ ಒಳಗಿನವರಿಗೆ ಇರಲಿ. ಅಪ್ಪಂದಿರೇ, ಚಿಕ್ಕಪ್ಪಂದಿರೇ, ಪಹಣಿ ನೋಡಿ. ಹೊಲ ಉಳುವವನ ಹೆಸರು ಅಲ್ಲಿಲ್ಲದಿದ್ದರೆ ಅವನಿಗೆ ಯಾವ ಶಾಲೂ ಬೇಡ.

ಇಷ್ಟು ಬರೆದು ಸುಮ್ಮನೆ ಕೂತರೆ ನಾನೂ ವೇದಿಕೆ ಮೇಲಿನ ಹನ್ನೆರಡನೇ ಗಣ್ಯ ಆಗ್ತೀನಿ. ಹೋದ ತಿಂಗಳು ಊರಿಗೆ ಹೋಗಿ ಅಪ್ಪ, ಚಿಕ್ಕಪ್ಪನನ್ನ ಕೂರಿಸಿ ಮಾತಾಡಿದೆ. ಜೋರು ಮಾತೇ ಆಯ್ತು, ಅಪ್ಪ ಒಂದು ಹೊತ್ತು ಊಟ ಬಿಟ್ಟರು. ಕೊನೆಗೆ ಪೌತಿ ಖಾತೆಗೆ ಅರ್ಜಿ ಕೊಟ್ಟು ಬಂದೆವು. ಖಾತೆ ಆದ ಮೇಲೆ ಪಾಲು ಬರೆಯೋದು, ತಮ್ಮನ ಹೆಸರು ಪಹಣಿಗೆ ಬರೋದು ಅಂತ ಮಾತಾಗಿದೆ. ಈ ಮುಂಗಾರಿಗೆ ಏನು ಬಿತ್ತಬೇಕು ಅನ್ನೋದು ಅವನ ತೀರ್ಮಾನ, ನಾನು ಬಾಯಿ ಹಾಕಲ್ಲ ಅಂತ ಎಲ್ಲರ ಮುಂದೆ ಹೇಳಿದೆ. ಹೊಳಲ್ಕೆರೆ ಬಸ್ ಸ್ಟ್ಯಾಂಡ್ ಹತ್ತಿರ ಒಂದು ದಪ್ಪ ಲೆಕ್ಕದ ಪುಸ್ತಕ ತಗೊಂಡು ಅವನ ಕೈಗಿಟ್ಟೆ.

ಮೊದಲ ಪುಟ ತೆಗೆದು, ಪೆನ್ನು ಹಿಡ್ಕೊಂಡು ಅವನು ಕೇಳಿದ್ದು ಒಂದೇ:

"ಅಣ್ಣ, ಆ ಎರಡು ಬೋರಿನ ದುಡ್ಡು ಯಾರ ಹೆಸ್ರಲ್ಲಿ ಬರೀಲಿ?"

"ನನ್ನ ಹೆಸ್ರಲ್ಲಿ ಬರಿ" ಅಂದೆ.