ಟೈರ್ ಹೊಸದು, ಲೆಕ್ಕ ಹಳೆಯದು
ಜಿಮ್ನಿ ಕಾರಿಗೆ ದೊಡ್ಡ ಟೈರ್ ಹಾಕಿಸುವವರು ಗಾಡಿ ಎಷ್ಟು ಎತ್ತರವಾಯಿತೆಂದು ನೋಡುತ್ತಾರೆ, ಮೀಟರ್ ಕಡೆ ನೋಡುವುದಿಲ್ಲ. ಕಂಪನಿಯ 195/80 ಆರ್15 ಟೈರಿನ ವ್ಯಾಸ 693 ಮಿ.ಮೀ.; 235/75 ಆರ್15 ಹಾಕಿದರೆ ಸುಮಾರು 733. ಗಾಡಿ ಎಣಿಸುವುದು ಚಕ್ರದ ಸುತ್ತುಗಳನ್ನು ಮಾತ್ರ. ಪ್ರತಿ ಸುತ್ತಿಗೆ ಸುಮಾರು 13 ಸೆಂ.ಮೀ. ಹೆಚ್ಚು ಸಾಗಿದ್ದು ಅದಕ್ಕೆ ಗೊತ್ತಾಗದು. ನಿಜವಾದ ವೇಗ ಮೊದಲಿನ ಲೆಕ್ಕಕ್ಕಿಂತ ಶೇ 6ರಷ್ಟು ಏರುತ್ತದೆ. ಸ್ಪೀಡೋಮೀಟರ್‌ಗಳು ಸಾಮಾನ್ಯವಾಗಿ ತುಸು ಹೆಚ್ಚೇ ತೋರಿಸುವುದರಿಂದ ಅಲ್ಲಿ ಸರಿದೂಗಬಹುದು; ಓಡೋಮೀಟರ್ ಮಾತ್ರ ಓಡಿದ್ದಕ್ಕಿಂತ ಕಡಿಮೆ ಬರೆದುಕೊಳ್ಳುತ್ತದೆ. ‘ಮೈಲೇಜ್ ಬಿದ್ದುಹೋಯಿತು’ ಎಂಬ ಗೋಳಿನಲ್ಲಿ ಒಂದು ಪಾಲು ಈ ತಪ್ಪು ಲೆಕ್ಕದ್ದೇ. ಜಿಪಿಎಸ್ ವೇಗದೊಂದಿಗೆ ಹೋಲಿಸಿ ನೋಡಿ. ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಟೈರಿನ ಹೊಸ ಅಳತೆಯನ್ನು ಗಾಡಿಯ ಕಂಪ್ಯೂಟರಿಗೆ ತುಂಬಿಸಲು ಆಗುತ್ತದೆಯೇ ಕೇಳಿ. ಆಗದಿದ್ದರೆ 215/75 ಟೈರೇ ಜಾಣತನ. ಅದರಲ್ಲಿ ವ್ಯತ್ಯಾಸ ಶೇ 1.5 ಮಾತ್ರ.