ಪುಟ್ಟ ಕುದುರೆಯ ಸಜ್ಜು: ಅಂದಕ್ಕಿಂತ ಮೊದಲು ಅಳತೆ



ಕಳೆದ ವರ್ಷದ ರಾಜ್ಯೋತ್ಸವದ ಮೆರವಣಿಗೆಯನ್ನು ನಮ್ಮ ಸದಸ್ಯರಾರೂ ಮರೆತಿರಲಾರರು. ಓಕ್ಲ್ಯಾಂಡಿನ ಬೆಟ್ಟದಂಚಿನ ಲಾಯವೊಂದರಲ್ಲಿ ಪುಟ್ಟ ಕುದುರೆಯನ್ನು ಸಾಕಿರುವ ಸದಸ್ಯ ಕುಟುಂಬವೊಂದು, ಅದಕ್ಕೆ ಎರಡು ಚಕ್ರದ ಚಿಕ್ಕ ಗಾಡಿಯನ್ನು ಕಟ್ಟಿ, ಮೈಸೂರಿನ ಜಟಕಾದಂತೆ ಸಿಂಗರಿಸಿ ಎಲ್ಲರ ಮುಂದೆ ನಡೆಸಿತು. ಗಾಡಿ ಹೊಡೆಯುವ ಹಿರಿಯರ ಪಕ್ಕದಲ್ಲಿ ಪೇಟ ತೊಟ್ಟ ಮಗುವೊಂದು ಕುಳಿತು ಬಾವುಟ ಬೀಸಿತು. ನಾವೆಲ್ಲರೂ ಚಿತ್ರ ತೆಗೆದೆವು, ಚಪ್ಪಾಳೆ ತಟ್ಟಿದೆವು.

ಮೆರವಣಿಗೆ ಮುಗಿದು ಚೆಂಡುಹೂವಿನ ಹಾರಗಳನ್ನು ಬಿಚ್ಚಿದಾಗ ಕಂಡದ್ದನ್ನು ಮಾತ್ರ ಹೆಚ್ಚಿನವರು ನೋಡಲಿಲ್ಲ. ಮುಂಗಾಲಿನ ಹಿಂಬದಿಯಲ್ಲಿ, ಹೊಟ್ಟೆಪಟ್ಟಿ ಉಜ್ಜಿದ ಜಾಗದಲ್ಲಿ, ನಾಲ್ಕಾಣೆಯ ನಾಣ್ಯದಷ್ಟು ಅಗಲ ಕೂದಲು ಕಿತ್ತು ಚರ್ಮ ಹಸಿಯಾಗಿತ್ತು. ಎದೆಪಟ್ಟಿ ಮೇಲಕ್ಕೆ ಸರಿದು ಕೊರಳಿನ ಬುಡವನ್ನು ಒತ್ತಿದ ಗುರುತು ಸ್ಪಷ್ಟವಾಗಿತ್ತು. ಅಂದು ಪ್ರಥಮ ಚಿಕಿತ್ಸೆಯ ಮೇಜಿನ ಹೊಣೆ ನಮ್ಮದಾಗಿತ್ತು. ಎಡವಿ ಬಿದ್ದ ಬಾಲಕನ ಮೊಣಕಾಲಿಗೆ ಪಟ್ಟಿ ಕಟ್ಟಿದ ನಾವು, ಮೂರು ಅಡಿ ದೂರದಲ್ಲಿ ನಿಂತಿದ್ದ ಕುದುರೆಯ ಹಾರವನ್ನು ಎತ್ತಿ ನೋಡುವ ಗೋಜಿಗೆ ಹೋಗಲಿಲ್ಲ. ಎಂ.ಬಿ.ಬಿ.ಎಸ್. ಓದುವಾಗ ಕಲಿತ ಮೊದಲ ಪಾಠವೇ ರೋಗಿಯ ಬಟ್ಟೆ ಸರಿಸಿ ಪರೀಕ್ಷಿಸಬೇಕೆಂಬುದು. ಆ ಪಾಠವನ್ನು ಅಂದು ಮರೆತವರು ನಾವೇ.

ಗಾಯ ಎರಡು ವಾರಗಳಲ್ಲಿ ಮಾಯಿತು. ಆದರೆ ಈ ವರ್ಷದ ಮೆರವಣಿಗೆಗಾಗಿ ಹೊಸ ಸಜ್ಜನ್ನು ಕೊಳ್ಳಲು ಸಂಘವೇ ಹಣ ಕೊಡುವುದೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಸಮಿತಿಯ ಮುಂದೆ ಎರಡು ಆಯ್ಕೆಗಳಿವೆ. ಮೊದಲನೆಯದು ಕೆಂಪು ಮಖಮಲ್ಲು, ಹಿತ್ತಾಳೆಯ ಗೆಜ್ಜೆ, ಹೊಳೆಯುವ ಬಕಲುಗಳಿಂದ ಕೂಡಿದ್ದು. ಎಲ್ಲ ಪುಟ್ಟ ಕುದುರೆಗಳಿಗೂ ಒಂದೇ ಅಳತೆಯದ್ದು. ಎರಡನೆಯದು ಯಾವ ಅಲಂಕಾರವೂ ಇಲ್ಲದ ಕಪ್ಪು ಸಜ್ಜು. ಕುದುರೆಯ ಮೈಯಳತೆಗೆ ತಕ್ಕಂತೆ ಹೊಲಿದು ಕೊಡುವಂಥದ್ದು. ಬೆಲೆ ಮೊದಲನೆಯದರ ಇಮ್ಮಡಿ. ಸದಸ್ಯರಲ್ಲಿ ಬಹುಮಂದಿ ಮೊದಲನೆಯದರತ್ತ ಒಲವು ತೋರಿದ್ದಾರೆ. ಎರಡನೆಯದನ್ನೇ ಕೊಳ್ಳಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ನಿಮ್ಮ ಮುಂದಿಡಲು ಈ ಬರಹ.

ಮೊದಲಿಗೆ ಒಂದು ಮಾತು. ಪುಟ್ಟ ಕುದುರೆ ಆಟಿಕೆಯಲ್ಲ. ಭುಜದ ಮೇಲ್ತುದಿಯವರೆಗೆ ಅಳೆದರೆ 34 ಇಂಚನ್ನು ಮೀರದ ಈ ತಳಿಯನ್ನು ಅಂಗವಿಕಲರ ನೆರವಿಗೂ ತರಬೇತಿಗೊಳಿಸುತ್ತಾರೆ. 2011ರ ಮಾರ್ಚ್ 15ರಿಂದ ಜಾರಿಗೆ ಬಂದ ಅಮೆರಿಕದ ಅಂಗವಿಕಲರ ಕಾಯಿದೆಯ ಪರಿಷ್ಕೃತ ನಿಯಮಗಳು, ನಾಯಿಯ ಜೊತೆಗೆ ಪುಟ್ಟ ಕುದುರೆಗೂ ಪ್ರತ್ಯೇಕವಾಗಿ ಅವಕಾಶ ಕಲ್ಪಿಸಿವೆ. ಅದು ಚಿಕ್ಕದಾಗಿದೆ ಎಂಬ ಕಾರಣಕ್ಕೆ ಅದರ ಸಜ್ಜಿನ ವಿಷಯವೂ ಚಿಕ್ಕದೆಂದು ಭಾವಿಸಬಾರದು. ದೊಡ್ಡ ಕುದುರೆಯ ಮೈಮೇಲೆ ಅರ್ಧ ಇಂಚಿನ ತಪ್ಪು ಸಹ್ಯವಾಗಬಹುದು; ಪುಟ್ಟ ಮೈಯ ಮೇಲೆ ಅದೇ ಅರ್ಧ ಇಂಚು ಮೂಳೆಯ ಮೇಲೆ ಬೀಳುತ್ತದೆ. ಹಳೆಯ ಸಜ್ಜಿನ ದೋಷವೂ ಇದೇ. ಅದು ಬೇರೊಂದು ಕುದುರೆಗೆಂದು ಮಾಡಿದ್ದು. ಈ ಕುದುರೆಗೆ ಹೊಂದಿಸಲೆಂದು ಮೊಳೆಯಿಂದ ಹೆಚ್ಚುವರಿ ತೂತುಗಳನ್ನು ಕೊರೆಯಲಾಗಿತ್ತು. ತೂತು ಹೆಚ್ಚಿದರೆ ಪಟ್ಟಿಯ ಉದ್ದ ಕಡಿಮೆಯಾಗುತ್ತದೆಯೇ ಹೊರತು ಅದು ಕೂರುವ ಜಾಗ ಸರಿಯಾಗುವುದಿಲ್ಲ.

ಸಜ್ಜಿನ ಕೆಲಸ ಮೂರು: ಎಳೆಯಲು ನೆರವಾಗುವುದು, ತಡೆಯಲು ನೆರವಾಗುವುದು, ದಾರಿ ತೋರಲು ನೆರವಾಗುವುದು. ಇವುಗಳನ್ನು ಒಂದೊಂದಾಗಿ ನೋಡೋಣ.

ಎಳೆಯುವ ಬಲವೆಲ್ಲ ಎದೆಪಟ್ಟಿಯ ಮೇಲೆ ಬೀಳುತ್ತದೆ. ಆ ಪಟ್ಟಿ ಭುಜದ ಮುಂಚಾಚಿನ ಮೂಳೆಗಿಂತ ಮೇಲೆ, ಶ್ವಾಸನಾಳಕ್ಕಿಂತ ಕೆಳಗೆ ಕೂರಬೇಕು. ಕೆಳಗಿಳಿದರೆ ಭುಜದ ಚಲನೆಗೆ ಅಡ್ಡಿ. ಮೇಲೇರಿದರೆ ಉಸಿರಿಗೆ ಅಡ್ಡಿ. ಕುದುರೆ ನಮ್ಮಂತೆ ಬಾಯಿಂದ ಉಸಿರಾಡಲಾರದು. ಮೂಗಿನಿಂದ ಶ್ವಾಸನಾಳಕ್ಕೆ ಹೋಗುವ ಒಂದೇ ದಾರಿಯನ್ನು ಅದು ನಂಬಿದೆ. ಆ ದಾರಿಯ ಮೇಲೆ ಒತ್ತಡ ಬಿದ್ದರೆ ಅದಕ್ಕೆ ಬೇರೆ ಉಪಾಯವಿಲ್ಲ. ಪುಟ್ಟ ಕುದುರೆಗಳ ಕೊರಳು ಗಿಡ್ಡ ಮತ್ತು ದಪ್ಪ. ಆದ್ದರಿಂದ ಎದೆಪಟ್ಟಿಗೆ ಸಿಗುವ ಜಾಗ ಬಹಳ ಕಿರಿದು. ನೇರವಾದ ಪಟ್ಟಿಗಿಂತ ನಡುವೆ ಕೆಳಕ್ಕೆ ಬಾಗಿದ ಪಟ್ಟಿ ಇಂಥ ಮೈಗೆ ಹೆಚ್ಚು ಒಪ್ಪುತ್ತದೆ.

ಈ ಪ್ರಶ್ನೆ ಹೊಸದೂ ಅಲ್ಲ. ಫ್ರಾನ್ಸಿನ ನಿವೃತ್ತ ಅಶ್ವದಳದ ಅಧಿಕಾರಿ ಲೆಫೆವ್ರ್ ದೆ ನೊಯೆತ್ 1931ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರಾಚೀನರ ಸಜ್ಜು ಕುದುರೆಯ ಕೊರಳನ್ನು ಹಿಸುಕುತ್ತಿದ್ದುದರಿಂದ ಅವರ ರಥಗಳು ಭಾರವನ್ನು ಎಳೆಯಲಾರದಾಗಿದ್ದವೆಂದು ವಾದಿಸಿದ್ದರು. ಮುಂದೆ 1970ರ ದಶಕದಲ್ಲಿ ಅದೇ ದೇಶದ ಝಾನ್ ಸ್ಪ್ರುಯ್ತ್ ಪ್ರಾಚೀನ ಸಜ್ಜುಗಳನ್ನು ಮರುನಿರ್ಮಿಸಿ, ಕುದುರೆಗಳಿಗೆ ಕಟ್ಟಿ ಓಡಿಸಿ, ಪಟ್ಟಿಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿದರೆ ಉಸಿರು ಕಟ್ಟುವುದಿಲ್ಲವೆಂದು ತೋರಿಸಿದರು. ಇಬ್ಬರ ವಾದವೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಪಟ್ಟಿ ಎಲ್ಲಿ ಕೂರುತ್ತದೆ ಎಂಬಲ್ಲಿ.

ಎರಡನೆಯದು ತಡೆಯುವ ಕೆಲಸ. ಇಲ್ಲಿ ನಮ್ಮ ಊರಿನ ನೆಲವನ್ನು ಮರೆಯುವಂತಿಲ್ಲ. ಲಾಯದಿಂದ ಹೊರಟ ಗಾಡಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಇಳಿಜಾರು ಎದುರಾಗುತ್ತದೆ. ಇಳಿಜಾರಿನಲ್ಲಿ ಗಾಡಿ ಕುದುರೆಯನ್ನು ಹಿಂದಿನಿಂದ ನೂಕುತ್ತದೆ. ತೊಡೆಗಳ ಹಿಂದೆ ಸುತ್ತಿ ಬರುವ ಪಟ್ಟಿ, ಇಲ್ಲಿನವರು ಬ್ರೀಚಿಂಗ್ ಎನ್ನುವುದು, ಇದ್ದರೆ ಕುದುರೆ ಅದಕ್ಕೆ ತನ್ನ ಬಲವಾದ ಹಿಂಗಾಲುಗಳನ್ನು ಕೊಟ್ಟು ಗಾಡಿಯನ್ನು ತಡೆಯುತ್ತದೆ. ಅದಿಲ್ಲದಿದ್ದರೆ ಆ ನೂಕು ಹೊಟ್ಟೆಪಟ್ಟಿಯ ಮೇಲೂ ಬಾಲದ ಬುಡದ ಪಟ್ಟಿಯ ಮೇಲೂ ಬೀಳುತ್ತದೆ. ಕಳೆದ ವರ್ಷ ಮುಂಗಾಲಿನ ಹಿಂದೆ ಆದ ಗಾಯಕ್ಕೆ ಕಾರಣ ಇದೇ. ಹಳೆಯ ಸಜ್ಜಿನಲ್ಲಿ ಈ ಪಟ್ಟಿ ಇರಲಿಲ್ಲ. ಮಖಮಲ್ಲಿನ ಹೊಸ ಸಜ್ಜಿನಲ್ಲಿಯೂ ಇಲ್ಲ. ಬೇರಾವ ಕಾರಣ ಇಲ್ಲದಿದ್ದರೂ ಇದೊಂದಕ್ಕಾಗಿ ಅದನ್ನು ತಿರಸ್ಕರಿಸಬೇಕೆಂಬುದು ನಮ್ಮ ನಿಲುವು. ಈ ಪಟ್ಟಿಗೂ ತನ್ನದೇ ಆದ ಅಳತೆಯಿದೆ. ತೀರ ಮೇಲಿದ್ದರೆ ಬಾಲದಡಿಗೆ ಜಾರುತ್ತದೆ, ತೀರ ಕೆಳಗಿದ್ದರೆ ಕಾಲುಗಳನ್ನೇ ಸೆಳೆಯುತ್ತದೆ. ಕುದುರೆ ಎಳೆಯುತ್ತಿರುವಾಗ ಪಟ್ಟಿಗೂ ತೊಡೆಗೂ ನಡುವೆ ಒಂದು ಅಂಗೈಯಗಲ ಬಿಡುವಿರಬೇಕು.

ಬೆನ್ನಿನ ಮೇಲೆ ಕೂರುವ ಗದ್ದಿಗೆಯನ್ನೂ ಇದರೊಡನೆಯೇ ನೋಡಬೇಕು. ಅದರ ದಿಂಬುಗಳು ಬೆನ್ನೆಲುಬಿನ ಎರಡೂ ಬದಿಯ ಮಾಂಸದ ಮೇಲೆ ಕೂತು, ನಡುವಿನ ಮೂಳೆಯನ್ನು ಮುಟ್ಟದೆ ಬಿಡಬೇಕು. ಗಾಡಿಯಲ್ಲಿ ಜನ ಕುಳಿತಾಗ ಮುಂದಿನ ಕೋಲುಗಳು ಬಹುಮಟ್ಟಿಗೆ ತೇಲುವಂತಿರಬೇಕು. ಭಾರವನ್ನು ಚಕ್ರ ಹೊರಬೇಕು, ಬೆನ್ನಲ್ಲ.

ಮೂರನೆಯದು ದಾರಿ ತೋರುವ ಕೆಲಸ, ಅಂದರೆ ಕಡಿವಾಣ, ಲಗಾಮು, ಕಣ್ಣುಪಟ್ಟಿ. ಪುಟ್ಟ ಕುದುರೆಯ ಚಿಕ್ಕ ದವಡೆಯಲ್ಲಿ ಹಲ್ಲುಗಳು ಒತ್ತೊತ್ತಾಗಿ ಬೆಳೆಯುವುದುಂಟು. ಆದ್ದರಿಂದ ಕಡಿವಾಣವನ್ನು ಆರಿಸುವ ಮೊದಲು ಪಶುವೈದ್ಯರಿಂದ ಬಾಯಿಯ ಪರೀಕ್ಷೆ ಆಗಲಿ. ಕಣ್ಣುಪಟ್ಟಿ ರೆಪ್ಪೆಗೂದಲನ್ನು ಸಹ ತಾಗಬಾರದು. ನಮ್ಮ ನಾಡಿನಲ್ಲಿ ಜಟಕಾದವರು ಒರಟರೆಂಬ ಅಪಖ್ಯಾತಿಯಿದೆ. ಆದರೆ ಭಾರತದ 1965ರ ನಿಯಮಗಳು ಮುಳ್ಳಿನ ಕಡಿವಾಣವನ್ನೂ, ಚೂಪಾದ ಉಬ್ಬುಗಳಿರುವ ಸಜ್ಜು ನೊಗಗಳನ್ನೂ ಅಂದೇ ನಿಷೇಧಿಸಿವೆ. ಹೊಡೆಯುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ವರಿಗಿಂತ ಹೆಚ್ಚು ಜನರನ್ನು ಪ್ರಾಣಿ ಎಳೆಯುವ ಗಾಡಿಯಲ್ಲಿ ಕೂರಿಸಬಾರದೆಂದೂ ಹೇಳಿವೆ. ಆ ನಿಯಮವನ್ನು ಮುರಿದ ಜಟಕಾಗಳಲ್ಲಿ ಕುಳಿತು ಬೆಳೆದವರು ನಮ್ಮಲ್ಲಿ ಅನೇಕರಿದ್ದೇವೆ. ಇಲ್ಲಿಗೆ ಬಂದ ಮೇಲಾದರೂ ಆ ಋಣವನ್ನು ಸ್ವಲ್ಪ ತೀರಿಸೋಣ.

ಯಾವ ವಸ್ತುವಿನ ಸಜ್ಜು ಎಂಬುದು ಹಲವರ ಪ್ರಶ್ನೆ. ತೊಗಲು ಮೈಗೆ ಒಗ್ಗುತ್ತದೆ. ಆದರೆ ಎಣ್ಣೆ ಹಚ್ಚದಿದ್ದರೆ ಒಣಗಿ ಬಿರಿಯುತ್ತದೆ, ಕೊಲ್ಲಿಯ ಮಂಜಿಗೆ ಬೂಷ್ಟು ಹಿಡಿಯುತ್ತದೆ. ನೈಲಾನು ಗಟ್ಟಿ, ಅಗ್ಗ. ಅದರ ಅಂಚು ಮಾತ್ರ ಬೆವರಿದ ಚರ್ಮವನ್ನು ಗರಗಸದಂತೆ ಕೊಯ್ಯುತ್ತದೆ. ಬಯೋಥೇನ್ ಎಂಬ ಲೇಪಿತ ಪಟ್ಟಿ ನೀರಿನಲ್ಲಿ ತೊಳೆದರೆ ಶುಚಿಯಾಗುತ್ತದೆ. ವರ್ಷಕ್ಕೆ ಕೆಲವೇ ಬಾರಿ ಹೊರತೆಗೆಯುವ, ತೊಗಲನ್ನು ಬಳಸಲು ಮನಸ್ಸಿಲ್ಲದ ಸದಸ್ಯರೂ ಇರುವ ನಮ್ಮಂಥ ಸಂಘಕ್ಕೆ ಇದೇ ಸೂಕ್ತವೆಂದು ತೋರುತ್ತದೆ. ತಾಗುವ ಕಡೆಗಳಲ್ಲಿ ಮೆತ್ತನೆಯ ಒಳಪದರವಿದ್ದರೆ ಸಾಕು.

ಈಗ ಆಕ್ಷೇಪಗಳಿಗೆ ಬರೋಣ. ಮೂಕಪ್ರಾಣಿಗೆ ಗಾಡಿ ಕಟ್ಟುವುದೇ ತಪ್ಪೆಂದು ಕೆಲವು ಸದಸ್ಯರು ಬರೆದಿದ್ದಾರೆ. ಅವರ ಕರುಣೆಯನ್ನು ನಾವು ಗೌರವಿಸುತ್ತೇವೆ. ಆದರೆ ಕೆಲಸವಿಲ್ಲದೆ ಮೇಯುತ್ತಾ ನಿಂತ ಪುಟ್ಟ ಕುದುರೆ ಬೇಗ ಕೊಬ್ಬುತ್ತದೆ. ಕೊಬ್ಬಿದ ಕುದುರೆಗೆ ಗೊರಸಿನ ಉರಿಯೂತದ ಕಾಟ ಹೆಚ್ಚು. ಸರಿಯಾದ ಸಜ್ಜು, ಹಗುರವಾದ ಗಾಡಿ, ಮಿತವಾದ ದೂರ, ಇವು ಅದರ ಆರೋಗ್ಯಕ್ಕೆ ಒಳ್ಳೆಯದೇ.

ಇನ್ನು ಕೆಲವರು, ಅಲಂಕಾರವಿಲ್ಲದೆ ರಾಜ್ಯೋತ್ಸವವೆಂತು ಎಂದು ಕೇಳಿದ್ದಾರೆ. ಇದಕ್ಕೆ ಉತ್ತರ ನಮ್ಮ ಹಳ್ಳಿಗಳಲ್ಲಿಯೇ ಇದೆ. ಕಾರ ಹುಣ್ಣಿಮೆಯಂದು ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟುತ್ತಾರೆ. ಆದರೆ ಅಂದು ಅದನ್ನು ಉಳುಮೆಗೆ ಹೂಡುವುದಿಲ್ಲ. ಸಿಂಗಾರದ ದಿನ ದುಡಿಮೆಯಿಲ್ಲ. ದುಡಿಮೆಯ ದಿನ ನೊಗ ಉಜ್ಜಿದೆಯೋ ಎಂದು ಹೆಗಲು ಸವರಿ ನೋಡುತ್ತಾರೆ. ಎರಡನ್ನೂ ಬೆರೆಸಿ, ದುಡಿಯುವ ಪಟ್ಟಿಯನ್ನು ಹೂವಿನಿಂದ ಮುಚ್ಚಿದವರು ನಾವು. ಅಲಂಕಾರ ಬೇಡವೆಂದು ನಾವು ಹೇಳುತ್ತಿಲ್ಲ. ಗಾಡಿಗೆ ಎಷ್ಟು ಬೇಕಾದರೂ ಹೂ ಮುಡಿಸಿರಿ, ಕೆಂಪು ಹಳದಿಯ ಬಟ್ಟೆ ಕಟ್ಟಿರಿ. ಸಜ್ಜು ಕುದುರೆಯನ್ನು ತಾಗುವ ಜಾಗವೆಲ್ಲ ಕಣ್ಣಿಗೆ ಕಾಣುವಂತಿರಲಿ.

ಪ್ರತಿ ಅಕ್ಟೋಬರಿನ ಮೊದಲ ಶನಿವಾರ ಪಶ್ಚಿಮ ಓಕ್ಲ್ಯಾಂಡಿನ ಡಿಫ್ರೆಮರಿ ಉದ್ಯಾನದಲ್ಲಿ ಕಪ್ಪು ಕೌಬಾಯ್‌ಗಳ ಮೆರವಣಿಗೆ ನಡೆಯುತ್ತದೆ. 1975ರಿಂದ ಬಂದ ಸಂಪ್ರದಾಯವದು. ಒಮ್ಮೆ ಮಕ್ಕಳೊಡನೆ ಅಲ್ಲಿಗೆ ಹೋಗಿದ್ದಾಗ, ಸವಾರರು ಹೊರಡುವ ಮುನ್ನ ಹೊಟ್ಟೆಪಟ್ಟಿಯಡಿ ಎರಡು ಬೆರಳು ತೂರಿಸಿ ನೋಡುವುದನ್ನೂ, ಇಳಿದೊಡನೆ ಪಟ್ಟಿಯನ್ನು ಸಡಿಲಿಸಿ ಅಂಗೈಯಿಂದ ಮೈ ಸವರುವುದನ್ನೂ ಕಂಡೆವು. ಆಗ ಅದರ ಅರ್ಥ ನಮಗೆ ತಿಳಿದಿರಲಿಲ್ಲ. ಈಗ ತಿಳಿದಿದೆ.

ನಮ್ಮ ವೃತ್ತಿಯಲ್ಲಿ ಇದಕ್ಕೆ ಹತ್ತಿರದ ಅನುಭವವೊಂದಿದೆ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರು ಹೊಸ ಪಾದರಕ್ಷೆ ತೊಟ್ಟು ಬರುತ್ತಾರೆ. ಪಾದರಕ್ಷೆ ಸುಂದರವಾಗಿರುತ್ತದೆ, ನೋವೂ ಇಲ್ಲವೆನ್ನುತ್ತಾರೆ. ಕಳಚಿ ನೋಡಿದರೆ ಹುಣ್ಣು. ಅವರಿಗೆ ನೋವು ತಿಳಿಯುವುದಿಲ್ಲ. ಕುದುರೆಗೆ ತಿಳಿಯುತ್ತದೆ, ಹೇಳಲು ಬಾಯಿಲ್ಲ. ಎರಡು ಕಡೆಯೂ ನೋಡುವ ಹೊಣೆ ಇನ್ನೊಬ್ಬರದು. ಕೆಲಸ ಮುಗಿದ ಮೇಲೆ ಬೆವರಿದ ಮೈಯ ನಡುವೆ ಗದ್ದಿಗೆಯ ಅಡಿ ಒಣಗಿ ಉಳಿದ ತೇಪೆ, ಕೂದಲು ಮುರಿದ ಗೆರೆ, ಹಳೆಯ ಒತ್ತುಗಾಯದ ಮೇಲೆ ಬೆಳೆದ ಬಿಳಿ ಕೂದಲು, ಇವೇ ಅದರ ಮಾತು. ಚಳಿಗಾಲದ ದಟ್ಟ ಕೂದಲಿಗೂ ಬೇಸಿಗೆಯ ಮೈಗೂ ಅಳತೆ ಬೇರೆಯಾಗುವುದರಿಂದ, ಈ ಮಾತನ್ನು ಒಮ್ಮೆ ಕೇಳಿದರೆ ಸಾಲದು.

ಆದ್ದರಿಂದ ಸಮಿತಿಗೆ ನಮ್ಮ ವಿನಂತಿ ಇಷ್ಟು. ಅಳತೆಗೆ ಹೊಲಿಸಿದ, ಬ್ರೀಚಿಂಗ್ ಸಹಿತವಾದ ಸಜ್ಜನ್ನೇ ಕೊಳ್ಳಲಿ. ಅಳತೆ ತೆಗೆಯುವಾಗ ಗಾಡಿ ಹೊಡೆಯುವ ಅನುಭವಿಗಳೊಬ್ಬರು ಜೊತೆಗಿರಲಿ. ಮೆರವಣಿಗೆಗೆ ಒಂದು ತಿಂಗಳು ಮೊದಲೇ ಸಜ್ಜು ತೊಡಿಸಿ ಖಾಲಿ ಗಾಡಿಯೊಡನೆ ನಡೆಸಿ ನೋಡಲಿ. ಗಾಡಿ ಕಟ್ಟಿರುವಷ್ಟು ಹೊತ್ತು ಯಾವ ಕಾರಣಕ್ಕೂ ಕುದುರೆಯ ಮುಖದ ಪಟ್ಟಿಯನ್ನು ಬಿಚ್ಚದಿರಲಿ; ಕಣ್ಣುಪಟ್ಟಿ ಹಠಾತ್ತನೆ ಸರಿದು ಹಿಂದಿನ ಗಾಡಿಯನ್ನು ಕಂಡ ಕುದುರೆ ಬೆದರಿ ಓಡಿದರೆ ಹಿಡಿಯುವವರಿಲ್ಲ. ಗಾಡಿಯಲ್ಲಿ ಕೂರುವ ಮಗುವಿಗೆ ಪೇಟದ ಬದಲು ಹೆಲ್ಮೆಟ್ ಇರಲಿ. ಚಿತ್ರದ ಅಂದ ಕೆಡುವುದೆಂಬ ಹಿರಿಯರ ಬೇಸರವನ್ನು ನಾವು ಸಂತೋಷದಿಂದ ಹೊರುತ್ತೇವೆ.

ಡಿ.ವಿ.ಜಿ.ಯವರು 1943ರ ತಮ್ಮ ‘ಮಂಕುತಿಮ್ಮನ ಕಗ್ಗ’ದಲ್ಲಿ ಬದುಕನ್ನು ಜಟಕಾಬಂಡಿಗೆ ಹೋಲಿಸಿದಾಗ ಓದುಗರನ್ನು ಕೂರಿಸಿದ್ದು ಗಾಡಿಯ ಒಳಗಲ್ಲ, ಕುದುರೆಯ ಜಾಗದಲ್ಲಿ ನಿಲ್ಲಿಸಿದರು. ಆ ಪದ್ಯವನ್ನು ನಮ್ಮ ಕನ್ನಡ ಶಾಲೆಯ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಸಜ್ಜು ಆರಿಸುವ ದಿನ ಹಿರಿಯರಾದ ನಾವೂ ಸ್ವಲ್ಪ ಹೊತ್ತು ಅದೇ ಜಾಗದಲ್ಲಿ ನಿಂತು ಯೋಚಿಸೋಣ.

ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಲಾಯದಲ್ಲಿ ಅಳತೆ ತೆಗೆಯಲಿದ್ದೇವೆ. ಆಸಕ್ತರು ಮಕ್ಕಳೊಡನೆ ಬನ್ನಿ. ಹೊಲಿಗೆಯ ಟೇಪು ಇದ್ದವರು ತನ್ನಿ. ಈ ಬಾರಿ ಪ್ರಥಮ ಚಿಕಿತ್ಸೆಯ ಮೇಜಿನ ಮೊದಲ ತಪಾಸಣೆ ಕುದುರೆಯದೇ ಆಗಿರುತ್ತದೆ.